ಚಳಿಯ ದೇಶದಿಂದ ಸೆಕೆಯ ದೇಶಕ್ಕೆ: ಮೈ ಒಗ್ಗಲು ಎಷ್ಟು ದಿನ ಬೇಕು?

ಪ್ರಶ್ನೆ: ಡಾಕ್ಟರೇ, ನನಗೆ 41 ವರ್ಷ. ಹನ್ನೊಂದು ವರ್ಷಗಳಿಂದ ಚಳಿಗಾಲದಲ್ಲಿ ಮೈನಸ್ 20 ಡಿಗ್ರಿಗೆ ಇಳಿಯುವ ದೇಶದಲ್ಲಿದ್ದೇವೆ. ಇನ್ನೆರಡು ತಿಂಗಳಲ್ಲಿ ಕಂಪನಿ ನನ್ನನ್ನು ಮೂರು ವರ್ಷದ ಮಟ್ಟಿಗೆ ಭೂಮಧ್ಯರೇಖೆಯ ಹತ್ತಿರದ ದೇಶವೊಂದಕ್ಕೆ ಕಳಿಸುತ್ತಿದೆ. ಅಲ್ಲಿ ವರ್ಷವಿಡೀ 32-33 ಡಿಗ್ರಿ, ಗಾಳಿಯಲ್ಲಿ ವಿಪರೀತ ತೇವ. ಹೆಂಡತಿ, ನಾಲ್ಕು ವರ್ಷದ ಮಗಳು, 68 ವರ್ಷದ ಅಮ್ಮ ಎಲ್ಲರೂ ಜೊತೆಗೆ ಬರುತ್ತಾರೆ. ಅಮ್ಮನಿಗೆ ಬಿಪಿ, ಶುಗರ್ ಎರಡೂ ಇವೆ, ಇನ್ಸುಲಿನ್ ಮೇಲಿದ್ದಾರೆ. ಇಳಿದ ಮರುದಿನವೇ ನಾನು ಸೈಟಿಗೆ ಹೋಗಬೇಕು. ದಿನಾ 8 ಕಿಲೋಮೀಟರ್ ಓಡುತ್ತೇನೆ, ಹಾಗಾಗಿ ನನ್ನ ಬಗ್ಗೆ ಚಿಂತೆಯಿಲ್ಲ. ಸಹೋದ್ಯೋಗಿಯೊಬ್ಬರು, 'ಚಳಿಯಲ್ಲಿದ್ದು ರಕ್ತ ಗಟ್ಟಿಯಾಗಿರುತ್ತದೆ, ಅದು ತೆಳುವಾಗಲು ಒಂದು ವರ್ಷ ಬೇಕು' ಎನ್ನುತ್ತಾರೆ. ಇನ್ನೊಬ್ಬರು, 'ಎಲ್ಲ ಕಡೆ ಎಸಿ ಇರುತ್ತೆ ಬಿಡಿ' ಎನ್ನುತ್ತಾರೆ. ನಾನು ಬೆಳೆದದ್ದೂ ಬಿಸಿಲಿನ ಸೀಮೆಯಲ್ಲೇ, ಚಿಕ್ಕಂದಿನಲ್ಲಿ ಎರಡು ಸಲ ಮಲೇರಿಯಾ ಬಂದಿತ್ತು. ಮೈಗೆ ಅದೆಲ್ಲ ನೆನಪಿರುವುದಿಲ್ಲವೇ? ನನಗಿರುವ ಭಯವೆಲ್ಲ ಮಗಳದು. ಅವಳು ಹುಟ್ಟಿದ್ದೇ ಹಿಮದಲ್ಲಿ.

ಉತ್ತರ: ನಿಮ್ಮ ಪತ್ರದಲ್ಲಿ ಭಯವೆಲ್ಲ ಮಗಳ ಪಾಲಿಗೆ ಹೋಗಿದೆ, ಧೈರ್ಯವೆಲ್ಲ ನಿಮ್ಮ ಪಾಲಿಗೆ ಬಂದಿದೆ. ಅಮ್ಮನ ಮಾತ್ರೆಗಳ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ನನ್ನನ್ನು ಕೇಳಿದರೆ ಈ ಕ್ರಮವನ್ನು ತಲೆಕೆಳಗು ಮಾಡಬೇಕು. ಮೊದಲು ಅಮ್ಮನ ಚಿಂತೆ, ಆಮೇಲೆ ನಿಮ್ಮದು, ಕೊನೆಗೆ ಮಗಳದು. ಯಾಕೆಂದು ಹೇಳುತ್ತೇನೆ. ಆದರೆ ಆ ರಕ್ತದ ಮಾತು ಮೊದಲು ಮುಗಿಸೋಣ, ಅದರಲ್ಲಿ ಅರ್ಧ ನಿಜ ಇದೆ.

ಚಳಿ ದೇಶದಲ್ಲಿ ಇದ್ದಷ್ಟಕ್ಕೇ ರಕ್ತ ಗಟ್ಟಿಯಾಗಿ ಕೂರುವುದಿಲ್ಲ. ಆದರೆ ಸೆಕೆಗೆ ಬಂದಾಗ ರಕ್ತ ಸ್ವಲ್ಪ ತೆಳುವಾಗುವುದು ಮಾತ್ರ ದಿಟ. ಮೈ ನೀರನ್ನೂ ಉಪ್ಪನ್ನೂ ಹಿಡಿದಿಟ್ಟುಕೊಂಡು ಪ್ಲಾಸ್ಮಾದ, ಅಂದರೆ ರಕ್ತದ ನೀರಿನ ಭಾಗದ, ಪ್ರಮಾಣವನ್ನು ಹೆಚ್ಚಿಸುತ್ತದೆ. ಇದಕ್ಕೆ ವರ್ಷ ಬೇಕಿಲ್ಲ, ಮೊದಲ ನಾಲ್ಕೈದು ದಿನದಲ್ಲೇ ಬಹುಪಾಲು ಆಗಿಬಿಡುತ್ತದೆ. ಅಷ್ಟು ಅವಸರ ಯಾಕೆಂದರೆ, ಸೆಕೆಯಲ್ಲಿ ಹೃದಯಕ್ಕೆ ಎರಡು ಕೆಲಸ. ಸ್ನಾಯುಗಳಿಗೆ ರಕ್ತ ಕಳಿಸಬೇಕು, ಒಳಗಿನ ಬಿಸಿಯನ್ನು ಹೊರಹಾಕಲು ಚರ್ಮಕ್ಕೂ ಕಳಿಸಬೇಕು. ಇರುವ ರಕ್ತ ಎರಡಕ್ಕೂ ಸಾಲದು. ಅದಕ್ಕೇ ಮೊದಲ ದಿನಗಳಲ್ಲಿ ಎರಡು ಮಹಡಿ ಹತ್ತಿದರೆ ಎದೆ ಡವಡವ ಎನ್ನುತ್ತದೆ, ಕೂತವರು ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ, ಸಂಜೆಯಾದರೆ ಪಾದ ಬಾತು ಚಪ್ಪಲಿ ಬಿಗಿಯಾಗುತ್ತದೆ. ಹೃದಯ, ಕಿಡ್ನಿ ಸರಿಯಿದ್ದವರಲ್ಲಿ ಈ ಪಾದದ ಬಾವು ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಅದಕ್ಕೆಂದು ಮೂತ್ರ ಹೋಗಿಸುವ ಮಾತ್ರೆ ನುಂಗಬೇಡಿ, ಮೈ ಕಷ್ಟಪಟ್ಟು ಕೂಡಿಸುತ್ತಿರುವ ನೀರನ್ನೇ ಅದು ಹೊರಗೆ ಚೆಲ್ಲುತ್ತದೆ.

ಎರಡನೆಯ ಬದಲಾವಣೆ ಬೆವರಿನದು. 'ಒಗ್ಗಿದವರಿಗೆ ಬೆವರು ಕಡಿಮೆ' ಎಂದು ಬಹಳ ಜನ ತಿಳಿದಿದ್ದಾರೆ. ಇರುವುದು ಅದರ ಉಲ್ಟಾ. ಒಗ್ಗಿದ ಮೈ ಬೇಗ ಬೆವರಲು ಶುರುಮಾಡುತ್ತದೆ, ಹೆಚ್ಚು ಬೆವರುತ್ತದೆ, ಆದರೆ ಬೆವರಿನಲ್ಲಿ ಮೊದಲಿನಷ್ಟು ಉಪ್ಪನ್ನು ಕಳೆದುಕೊಳ್ಳುವುದಿಲ್ಲ. ಬೆವರಿನ ಗ್ರಂಥಿಗಳು ಉಪ್ಪನ್ನು ವಾಪಸು ಹೀರಿಕೊಳ್ಳುವುದನ್ನು ಕಲಿಯುತ್ತವೆ. ಸೈಟುಗಳಲ್ಲಿ ಹೊಸಬರನ್ನು ಪರೀಕ್ಷೆ ಮಾಡುವಾಗ ನಾನು ಸ್ಟೆತಾಸ್ಕೋಪ್ ತೆಗೆಯುವ ಮುಂಚೆ ಅವರ ಶರ್ಟಿನ ಬೆನ್ನು ನೋಡುತ್ತಿದ್ದೆ. ಮೊದಲ ವಾರ ಗಾಢ ಬಣ್ಣದ ಶರ್ಟಿನ ಮೇಲೆ ಬಿಳಿ ಉಪ್ಪಿನ ಗೆರೆಗಳು ನಕಾಶೆ ಬರೆದ ಹಾಗೆ ಎದ್ದು ಕಾಣುತ್ತವೆ. ಎರಡನೆಯ ವಾರದ ಕೊನೆಗೆ ಅದೇ ಶರ್ಟು, ಅದೇ ಕೆಲಸ, ಬೆವರು ಹಿಂದಿಗಿಂತ ಜಾಸ್ತಿ, ಗೆರೆ ಮಾತ್ರ ಮಸುಕು. ಸಾಮಾನ್ಯ ಆರೋಗ್ಯದ ವಯಸ್ಕರಿಗೆ ಮೈ ಒಗ್ಗಲು ಏಳರಿಂದ ಹದಿನಾಲ್ಕು ದಿನ ಸಾಕು.

ಆದರೆ ಇದಕ್ಕೊಂದು ಷರತ್ತಿದೆ. ಸೆಕೆಗೆ ಮೈಯೊಡ್ಡದೆ ಮೈ ಒಗ್ಗುವುದಿಲ್ಲ. ಎಸಿ ಮನೆ, ಎಸಿ ಕಾರು, ಎಸಿ ಆಫೀಸು ಎಂದು ಆರು ತಿಂಗಳು ಕಳೆದವರನ್ನು ಒಂದು ದಿನ ಬಿಸಿಲಿಗೆ ನಿಲ್ಲಿಸಿದರೆ ಅವರ ಸ್ಥಿತಿ ನಿನ್ನೆ ವಿಮಾನ ಇಳಿದವರಂತೆಯೇ ಇರುತ್ತದೆ. ಹಾಗೆಂದು ಎಸಿ ಬೇಡ ಎನ್ನುತ್ತಿಲ್ಲ. ರಾತ್ರಿ ನಿದ್ರೆಗೆ ಅದು ಬೇಕು, ಅಮ್ಮನಂಥವರಿಗೆ ಅದು ಔಷಧಿಯಷ್ಟೇ ಮುಖ್ಯ. 18 ಡಿಗ್ರಿಗೆ ಇಡುವ ಚಪಲ ಬಿಟ್ಟು 25-26ರಲ್ಲಿಟ್ಟು ಜೊತೆಗೆ ಫ್ಯಾನು ಹಾಕಿ. ಅಳತೆ ಸರಿಯಿದೆಯೇ ಎಂದು ನೋಡಲು ಒಂದು ಸುಲಭದ ದಾರಿ ಇದೆ. ಮನೆಯಿಂದ ಹೊರಗೆ ಕಾಲಿಟ್ಟೊಡನೆ ಕನ್ನಡಕದ ಗಾಜು ಮಂಜಾಯಿತೆಂದರೆ ಒಳಗಿನ ತಂಪು ಅತಿಯಾಗಿದೆ ಎಂದೇ ಅರ್ಥ. ಹೊರಗಿನ ತೇವ ನಿಮ್ಮ ತಣ್ಣನೆಯ ಗಾಜಿನ ಮೇಲೆ ನೀರಾಗಿ ಕೂರುತ್ತಿದೆ. ಕಿಟಕಿ ಸಂದಿಯಿಂದ ನುಗ್ಗುವ ಗಾಳಿ ಅದೇ ರೀತಿ ಗೋಡೆಯ ಮೇಲೆ, ಬೀರುವಿನ ಹಿಂದೆ, ಚರ್ಮದ ಬೂಟಿನೊಳಗೆ ತೇವವಾಗಿ ಕೂತು ಕೆಲವೇ ವಾರಗಳಲ್ಲಿ ಬೂಷ್ಟು ಹಿಡಿಸುತ್ತದೆ. ಚಳಿ ದೇಶದಿಂದ ಬಂದವರು 'ಇಲ್ಲಿಗೆ ಬಂದ ಮೇಲೆ ಅಸ್ತಮಾ ಶುರುವಾಯಿತು' ಎಂದಾಗ ನಾನು ಮೊದಲು ಕೇಳುವುದು ಬೀರುವಿನ ಹಿಂದಿನ ಗೋಡೆಯ ಬಗ್ಗೆ.

ಈಗ ನಿಮ್ಮ ವಿಷಯ. ಓಟಗಾರರೆಂಬುದು ನಿಮಗೆ ಖಂಡಿತ ಅನುಕೂಲ, ತರಬೇತಿಯಾದ ಮೈ ಬೇಗ ಒಗ್ಗುತ್ತದೆ. ಆದರೆ ಒಗ್ಗುವ ಮುಂಚಿನ ದಿನಗಳಲ್ಲಿ ಅದೇ ನಿಮ್ಮ ಶತ್ರು. ಸೋಮಾರಿಗೆ ಸುಸ್ತಾದರೆ ನೆರಳು ಹುಡುಕಿ ಕೂರುತ್ತಾನೆ. ನಿಮ್ಮಂಥವರು ಕೂರುವುದಿಲ್ಲ. ಹಿಂದೊಮ್ಮೆ ನಿಮ್ಮದೇ ವಯಸ್ಸಿನ, ಮ್ಯಾರಥಾನ್ ಓಡುವ ಎಂಜಿನಿಯರೊಬ್ಬರು ಬಂದ ಮೂರನೆಯ ದಿನ ಮಧ್ಯಾಹ್ನದ ಮೇಲೆ ಕಬ್ಬಿಣದ ರಾಶಿಯ ಮೇಲೆ ಕೂತುಬಿಟ್ಟರು. 'ಏನಿಲ್ಲ, ಸ್ವಲ್ಪ ಸುಸ್ತು' ಎಂದರು. ಹೆಸರು ಕೇಳಿದರೆ ಸರಿಯಾಗಿ ಹೇಳಿದರು. 'ಈಗ ಎಲ್ಲಿದ್ದೀರಿ?' ಎಂದಿದ್ದಕ್ಕೆ ತಾವು ಬಿಟ್ಟು ಬಂದ ಊರಿನ ಹೆಸರು ಹೇಳಿದರು. ಮೈಯೆಲ್ಲ ಬೆವರು ಸುರಿಯುತ್ತಿತ್ತು, ಆದ್ದರಿಂದ ಪಕ್ಕದಲ್ಲಿದ್ದವರಿಗೆ ಅನುಮಾನವೇ ಬಂದಿರಲಿಲ್ಲ. ಹೀಟ್ ಸ್ಟ್ರೋಕ್ ಆದರೆ ಚರ್ಮ ಒಣಗಿರಬೇಕು ಎಂಬುದು ಎಲ್ಲರ ನಂಬಿಕೆ. ದುಡಿಯುವಾಗ, ಓಡುವಾಗ ಆಗುವ ಹೀಟ್ ಸ್ಟ್ರೋಕಿನಲ್ಲಿ ಮೈ ಬೆವರಿನಲ್ಲಿ ತೊಯ್ದಿರುವುದೇ ಹೆಚ್ಚು. ಅವರ ಒಳತಾಪ 40 ದಾಟಿತ್ತು. ನೀರಿನ ತೊಟ್ಟಿಗೆ ಐಸ್ ಸುರಿದು ಕುತ್ತಿಗೆಯವರೆಗೆ ಮುಳುಗಿಸಿದೆವು, ಆಮೇಲೆ ಆಂಬುಲೆನ್ಸ್. ಮೊದಲು ತಂಪು ಮಾಡಬೇಕು, ಸಾಗಿಸುವುದು ಆನಂತರ. ಸೆಕೆಯಲ್ಲಿರುವವರು ತಪ್ಪುತಪ್ಪಾಗಿ ಮಾತಾಡಿದರೆ, ತೂರಾಡಿದರೆ, ಕಾರಣವಿಲ್ಲದೆ ರೇಗಿದರೆ ಥರ್ಮಾಮೀಟರ್ ಹುಡುಕುತ್ತಾ ಕೂರಬೇಡಿ, ನೀರು ಹುಯ್ಯಲು ಶುರುಮಾಡಿ.

ಕೆಲಸದ ಸ್ಥಳದಲ್ಲಿ ಸೆಕೆಯಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಕೆಲವೇ ದಿನಗಳಲ್ಲಿ ಆಗುತ್ತವೆ. ಇದು ಹೊಸ ಜ್ಞಾನವೇನಲ್ಲ. ಕಳೆದ ಶತಮಾನದಲ್ಲಿ ದಕ್ಷಿಣ ಆಫ್ರಿಕಾದ ಆಳದ ಚಿನ್ನದ ಗಣಿಗಳಲ್ಲಿ ಹೊಸ ಕೆಲಸಗಾರರನ್ನು ನೇರವಾಗಿ ಕೆಳಗಿಳಿಸದೆ, ಬಿಸಿ ಮತ್ತು ತೇವ ತುಂಬಿದ ಕೋಣೆಯಲ್ಲಿ ದಿನಗಟ್ಟಲೆ ಮೆಟ್ಟಿಲು ಹತ್ತಿಸಿ ಇಳಿಸಿ, ಮೈ ಒಗ್ಗಿಸಿ ಕಳಿಸುವ ಪದ್ಧತಿ ಬೆಳೆಯಿತು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ ಹೊಸಬರಿಗೆ ಕೊಡುವ ಲೆಕ್ಕ ಬಹಳ ಸರಳ: ಮೊದಲ ದಿನ ಸೆಕೆಯಲ್ಲಿ ಪೂರ್ತಿ ಅವಧಿಯ 20%ಗಿಂತ ಹೆಚ್ಚು ಬೇಡ, ಆಮೇಲೆ ದಿನಕ್ಕೆ 20% ಸೇರಿಸುತ್ತಾ ಹೋಗಿ. ಕಂಪನಿಗೆ ಈಗಲೇ ಬರೆಯಿರಿ. ರಜೆ ಕೇಳಬೇಕಿಲ್ಲ, ಮೊದಲ ವಾರ ಬೆಳಗಿನ ಎರಡು ಗಂಟೆ ಸೈಟು, ಉಳಿದ ಹೊತ್ತು ಒಳಗಿನ ಕೆಲಸ ಎಂದು ಕೇಳಿ. ಇದಕ್ಕೆ ಒಪ್ಪದ ಕಂಪನಿಯಾದರೆ ಆ ಸೈಟಿನಲ್ಲಿ ನೆರಳು, ನೀರು, ವಿಶ್ರಾಂತಿಯ ವ್ಯವಸ್ಥೆ ಹೇಗಿರಬಹುದೆಂದು ನೀವೇ ಊಹಿಸಿ.

ಹೊರಡುವ ಮೊದಲೇ ತಯಾರಾಗುವ ದಾರಿಯೂ ಇದೆ. ಕೊನೆಯ ಎಂಟು-ಹತ್ತು ದಿನ ಓಟ ಮುಗಿಸಿದ ಕೂಡಲೇ ಸುಮಾರು 40 ಡಿಗ್ರಿಯ ಬಿಸಿನೀರಿನ ಟಬ್ಬಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಇಪ್ಪತ್ತು ನಿಮಿಷ ಕೂರಿ, ತಡೆಯುವಂತಿದ್ದರೆ ಮೂವತ್ತಕ್ಕೆ ಏರಿಸಿ. ಮೈಗೆ ಅರ್ಧ ಪಾಠ ಅಲ್ಲೇ ಆಗುತ್ತದೆ. ಅಪಾಯವೇನೆಂದರೆ ಎದ್ದು ನಿಂತಾಗ ಬವಳಿ ಬರಬಹುದು. ಆದ್ದರಿಂದ ಮನೆಯಲ್ಲಿ ಯಾರಾದರೂ ಇರುವಾಗ ಮಾಡಿ, ನಿಧಾನವಾಗಿ ಏಳಿ. ಹೃದಯದ ತೊಂದರೆಯವರಿಗೆ, ಗರ್ಭಿಣಿಯರಿಗೆ, ನಿಮ್ಮ ಅಮ್ಮನಿಗೆ ಇದು ಕೂಡದು.

ಓಟವನ್ನು ಮೊದಲ ವಾರ ನಡಿಗೆಗೆ ಇಳಿಸಿ. ಆಮೇಲೆ ಓಡುವಾಗ ವೇಗ ನೋಡಬೇಡಿ, ನಾಡಿ ನೋಡಿ. ಹವಾಮಾನ ವರದಿಯಲ್ಲಿ ತೇವಾಂಶದ ಶೇಕಡಾವಾರಿಗಿಂತ ಇಬ್ಬನಿ ಬಿಂದುವನ್ನು, ಅಂದರೆ ಗಾಳಿಯ ತೇವ ನೀರಾಗಿ ಕೂರತೊಡಗುವ ತಾಪಮಾನವನ್ನು, ನೋಡುವುದು ಒಳ್ಳೆಯದು. ಬೆವರು ಸುರಿದರೆ ತಂಪಾಗುವುದಿಲ್ಲ, ಆವಿಯಾದರೆ ಮಾತ್ರ ತಂಪು. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರು ದಂಡ. ಇಬ್ಬನಿ ಬಿಂದು 24 ದಾಟಿದ ದಿನ ಬಹುಪಾಲು ಬೆವರು ದಂಡವೇ. ನೀರು ಎಷ್ಟು ಕುಡಿಯಬೇಕೆಂಬುದಕ್ಕೆ 'ದಿನಕ್ಕೆ ಇಷ್ಟು ಲೀಟರ್' ಎಂಬ ಉತ್ತರವನ್ನು ನಾನು ಕೊಡುವುದಿಲ್ಲ. ಓಟಕ್ಕೆ ಮುಂಚೆ, ಓಟದ ನಂತರ ಮೈ ಒರೆಸಿಕೊಂಡು ತಕ್ಕಡಿ ಹತ್ತಿ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ಬಾಕಿ. ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ, ಅದೂ ಅಪಾಯ. ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಕೊನೆಗೆ ಫಿಟ್ಸ್ ಬಂದವರೂ ಇದ್ದಾರೆ.

ಇನ್ನು ಅಮ್ಮ. ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ, ಬೆವರು ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆ ಹಳೆಯದಾದರೆ ಬೆವರಿನ ನರಗಳೂ ಸೋತಿರಬಹುದು. ಇದರ ಮೇಲೆ ಮಾತ್ರೆಗಳು. ಚಳಿಯಲ್ಲಿ ರಕ್ತನಾಳ ಬಿಗಿದಿರುತ್ತವೆ, ಬಿಪಿ ಸ್ವಲ್ಪ ಮೇಲಿರುತ್ತದೆ, ಡಾಕ್ಟರು ಡೋಸ್ ಹೊಂದಿಸಿರುವುದು ಆ ಬಿಪಿಗೆ. ಸೆಕೆಯಲ್ಲಿ ನಾಳಗಳು ಸಡಿಲಗೊಂಡು ಬಿಪಿ ತಾನಾಗಿ ಇಳಿಯುತ್ತದೆ, ಅದೇ ಡೋಸ್ ಈಗ ಅತಿಯಾಗುತ್ತದೆ. ರಾತ್ರಿ ಬಚ್ಚಲಿಗೆ ಹೋಗಲು ಎದ್ದು ಬಿದ್ದು ಸೊಂಟ ಮುರಿದುಕೊಂಡವರ ಕಥೆ ಬಹಳ ಸಲ ಇಲ್ಲಿಂದಲೇ ಶುರುವಾಗುತ್ತದೆ. ಹೈಡ್ರೋಕ್ಲೋರೋಥಯಾಜೈಡ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆ, ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟಾನ್ ಗುಂಪಿನವು, ಸಕ್ಕರೆಗೆ ಕೊಡುವ ಡಪಾಗ್ಲಿಫ್ಲೋಜಿನ್, ಇವುಗಳಲ್ಲಿ ಎರಡು ಮೂರು ಒಟ್ಟಿಗಿದ್ದು ಮೈಯಲ್ಲಿ ನೀರು ಕಡಿಮೆಯಾದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಕೆಲವು ಹಳೆಯ ಅಲರ್ಜಿ ಮಾತ್ರೆಗಳು, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್ ಬೆವರನ್ನೇ ಕಡಿಮೆ ಮಾಡುತ್ತವೆ.

ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಹೊರಡುವ ಮುಂಚೆ ಅವರ ಡಾಕ್ಟರ ಬಳಿ ಕೂತು ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಬಿಪಿ ಎಷ್ಟಕ್ಕಿಂತ ಕೆಳಗಿಳಿದರೆ ಯಾವ ಮಾತ್ರೆ ಕಡಿಮೆ ಮಾಡಬೇಕು? ವಾಂತಿ ಭೇದಿ ಆದ ದಿನ ಯಾವುದನ್ನು ನಿಲ್ಲಿಸಬೇಕು? ಅಲ್ಲಿಗೆ ಹೋದ ಮೇಲೆ ಎರಡು ವಾರ ಬೆಳಗ್ಗೆ ಸಂಜೆ ಬಿಪಿ ನೋಡಿ, ಕೂತು ಒಮ್ಮೆ, ನಿಂತು ಒಮ್ಮೆ. ಓಆರ್‌ಎಸ್ ಪುಡಿ ಮನೆಯಲ್ಲಿರಲಿ, ಆದರೆ ಬಿಪಿ ಇರುವವರಿಗೆ ಅದನ್ನು ಷರಬತ್ತಿನ ಹಾಗೆ ದಿನಾ ಕುಡಿಸಬೇಡಿ, ಅದರಲ್ಲಿ ಉಪ್ಪಿದೆ.

ಇನ್ಸುಲಿನ್ ಅನ್ನು ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಿರಿ, ಲಗೇಜಿಗೆ ಹಾಕಿದರೆ ಹೆಪ್ಪುಗಟ್ಟಬಹುದು. ಫ್ರಿಜ್ಜಿನಲ್ಲೂ ಫ್ರೀಜರಿಗೆ ತಾಗದಂತೆ ಇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಬಳಕೆಯಲ್ಲಿರುವ ಪೆನ್ನು ಹೊರಗಿರಬಹುದು ಎಂದು ಬಹಳ ಜನರಿಗೆ ಗೊತ್ತು, ಆದರೆ ಆ 'ಹೊರಗೆ' ಎಂದರೆ ಹೆಚ್ಚಿನವಕ್ಕೆ 30 ಡಿಗ್ರಿಯೊಳಗೆ. ನಿಮ್ಮ ಹೊಸ ಮನೆಯ ಅಡುಗೆಕೋಣೆ ಅದಕ್ಕಿಂತ ಬಿಸಿಯಾಗಿರುತ್ತದೆ. ಗ್ಲುಕೋಮೀಟರಿನ ಪಟ್ಟಿಗಳ ಡಬ್ಬಿ ಮುಚ್ಚದೆ ಬಿಟ್ಟರೆ ತೇವ ಹಿಡಿದು ತಪ್ಪು ಲೆಕ್ಕ ತೋರಿಸುತ್ತವೆ. ಇದೆಲ್ಲಕ್ಕಿಂತ ನನ್ನನ್ನು ಕಾಡುವುದು ಬೇರೆ. ಬಿಸಿಯಾದ ಚರ್ಮ ಇನ್ಸುಲಿನ್ನನ್ನು ಬೇಗ ಹೀರಿಕೊಳ್ಳುತ್ತದೆ, ಶುಗರ್ ಏಕಾಏಕಿ ಇಳಿಯಬಹುದು. ಇಳಿದಾಗ ಮೈ ಬೆವರುತ್ತದೆ. ಚಳಿ ದೇಶದಲ್ಲಿ ಅಮ್ಮ ಬೆವರಿದರೆ ನೀವು ತಕ್ಷಣ ಎದ್ದು ಸಕ್ಕರೆ ಕೊಡುತ್ತಿದ್ದಿರಿ. ಇಲ್ಲಿ ಎಲ್ಲರೂ ಬೆವರುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಮೊದಲ ತಿಂಗಳು ಅನುಮಾನ ಬಂದಾಗೆಲ್ಲ ಬೆರಳು ಚುಚ್ಚಿ ನೋಡಿ.

ಮಗಳ ವಿಷಯಕ್ಕೆ ಬಂದರೆ, ಹಿಮದಲ್ಲಿ ಹುಟ್ಟಿದ್ದು ಅವಳಿಗೆ ಶಾಪವಲ್ಲ. ಮಕ್ಕಳ ಮೈಯೂ ಒಗ್ಗುತ್ತದೆ, ಸ್ವಲ್ಪ ನಿಧಾನ ಅಷ್ಟೆ. ಆಟದ ಅಮಲಿನಲ್ಲಿ ನೀರು ಕೇಳುವುದಿಲ್ಲ, ಆದ್ದರಿಂದ ಕರೆದು ಕುಡಿಸಿ. ಕುತ್ತಿಗೆ, ಕಂಕುಳು, ಬೆನ್ನಿನ ಮೇಲೆ ಬೆವರುಸಾಲೆ ಏಳುವುದು ಬಹುತೇಕ ಖಚಿತ. ಅದು ಬೆವರಿನ ದಾರಿ ಕಟ್ಟಿಕೊಂಡದ್ದು, ಅಲರ್ಜಿಯಲ್ಲ. ಎಣ್ಣೆ, ದಪ್ಪ ಕ್ರೀಮು, ಪೌಡರ್ ಮೆತ್ತಿದರೆ ದಾರಿ ಇನ್ನಷ್ಟು ಮುಚ್ಚುತ್ತದೆ. ದಿನದಲ್ಲಿ ಕೆಲವು ಗಂಟೆ ಚರ್ಮ ತಂಪಾಗಿ ಒಣಗಿದ್ದರೆ ಸಾಕು. ಒಂದು ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ, ನಿಂತ ಕಾರಿನಲ್ಲಿ ಅವಳನ್ನು ಐದು ನಿಮಿಷಕ್ಕೂ ಬಿಡಬೇಡಿ. ಹತ್ತೇ ನಿಮಿಷದಲ್ಲಿ ಕಾರಿನ ಒಳಗು ಸುಮಾರು 10 ಡಿಗ್ರಿ ಏರಬಹುದು.

ಮೈಗೆ ನೆನಪಿರುವುದಿಲ್ಲವೇ ಎಂದಿರಿ. ಸೆಕೆಯ ನೆನಪು ತಿಂಗಳೊಳಗೆ ಮಾಸುತ್ತದೆ, ಹನ್ನೊಂದು ವರ್ಷದ ಮಾತೇ ಬೇಡ. ಮಲೇರಿಯಾದ ವಿಷಯ ಇನ್ನೂ ಗಂಭೀರ. ಪದೇ ಪದೇ ಸೊಳ್ಳೆ ಕಚ್ಚಿಸಿಕೊಂಡು ಬೆಳೆದವರಲ್ಲಿ ಬರುವ ಅರೆಬರೆ ರಕ್ಷಣೆ ಆ ಊರು ಬಿಟ್ಟ ಮೇಲೆ ಕ್ರಮೇಣ ಕರಗಿಹೋಗುತ್ತದೆ. ಎರಡು ಸಲ ಬಂದಿದ್ದರಿಂದ ಅಂಥ ರಕ್ಷಣೆ ಇತ್ತೆಂದು ಹೇಳುವುದೂ ಕಷ್ಟ. ನೀವು ಮತ್ತು ನಿಮ್ಮ ಮಗಳು ಈ ಲೆಕ್ಕದಲ್ಲಿ ಸಮಾನರು. ಆ ದೇಶದಲ್ಲಿ, ಅದೂ ನೀವಿರುವ ಭಾಗದಲ್ಲಿ, ಮಲೇರಿಯಾ ಇದೆಯೇ ಎಂದು ಮೊದಲು ವಿಚಾರಿಸಿ. ಎಷ್ಟೋ ದೊಡ್ಡ ನಗರಗಳಲ್ಲಿ ಮಲೇರಿಯಾ ಇಲ್ಲ, ಡೆಂಗಿ ಮಾತ್ರ ಇದೆ. ಮಲೇರಿಯಾ ಸೊಳ್ಳೆ ಮುಸ್ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ, ಅದಕ್ಕೆ ಸೊಳ್ಳೆಪರದೆ. ಡೆಂಗಿ ಸೊಳ್ಳೆ ಹಗಲಿನದು, ಹೂಕುಂಡದ ತಟ್ಟೆಯ ನೀರಿನಲ್ಲಿ ಹುಟ್ಟುತ್ತದೆ, ಅದಕ್ಕೆ ಪರದೆಯಿಂದ ಪ್ರಯೋಜನ ಕಡಿಮೆ. ಮೈಗೆ ಹಚ್ಚುವ ಸೊಳ್ಳೆನಿವಾರಕ ಬೇಕು, ಸನ್‌ಸ್ಕ್ರೀನ್ ಹಚ್ಚಿದ ಮೇಲೆ ಅದನ್ನು ಹಚ್ಚಿ. ಮೂರು ವರ್ಷವೂ ಮಲೇರಿಯಾ ತಡೆಯುವ ಮಾತ್ರೆ ನುಂಗಬೇಕೇ ಎಂಬುದು ಜಾಗ ನೋಡಿ, ಪ್ರವಾಸಿ ಆರೋಗ್ಯ ವೈದ್ಯರ ಜೊತೆ ಕೂತು ತೀರ್ಮಾನಿಸುವ ವಿಷಯ. ಡಾಕ್ಸಿಸೈಕ್ಲಿನ್ ಅಗ್ಗ, ಆದರೆ ಬಿಸಿಲಿಗೆ ಚರ್ಮ ಸುಡುತ್ತದೆ, ನಾಲ್ಕು ವರ್ಷದ ಮಗುವಿಗೆ ಅದನ್ನು ಕೊಡುವಂತಿಲ್ಲ. ಅಟೊವಕ್ವೋನ್-ಪ್ರೊಗ್ವಾನಿಲ್ ಹಗುರ, ಆದರೆ ದುಬಾರಿ.

ಆ ದೇಶ ಪೀತಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆಯೇ ನೋಡಿ. ಚುಚ್ಚಿಸಿಕೊಂಡು ಹತ್ತು ದಿನದ ನಂತರವಷ್ಟೇ ಅದು ಊರ್ಜಿತ, 2016ರ ಜುಲೈಯಿಂದ ಜೀವನಪರ್ಯಂತ ನಡೆಯುತ್ತದೆ. ಆದರೆ ಇದು ಜೀವಂತ ವೈರಸ್ಸಿನ ಲಸಿಕೆ, 60 ದಾಟಿದವರು ಮೊದಲ ಸಲ ತೆಗೆದುಕೊಂಡಾಗ ಅಪರೂಪದ ಗಂಭೀರ ಅಡ್ಡಪರಿಣಾಮಗಳ ಸಾಧ್ಯತೆ ಹೆಚ್ಚು. ಅಮ್ಮನಿಗೆ ಚುಚ್ಚಿಸುವ ಮುಂಚೆ ಇದನ್ನು ವೈದ್ಯರ ಬಳಿ ಎತ್ತಿ. ಅಗತ್ಯವಿದ್ದರೆ ವಿನಾಯಿತಿ ಪತ್ರ ಕೊಡುವ ವ್ಯವಸ್ಥೆ ಇದೆ.

ಅಲ್ಲಿಗೆ ಹೋದ ಮೇಲೆ ಮನೆಯಲ್ಲಿ ಯಾರಿಗಾದರೂ ಮೈ ಸುಟ್ಟರೆ 'ಹೊಸ ಹವೆ, ಒಗ್ಗಿಲ್ಲ, ಅದಕ್ಕೇ ಜ್ವರ' ಎಂಬ ಮಾತು ಬಂದೇ ಬರುತ್ತದೆ. ಈ ಒಂದು ಮಾತಿನಿಂದ ಎರಡು ದಿನ ತಡವಾಗಿ ಬಂದ ರೋಗಿಗಳನ್ನು ಬಹಳ ನೋಡಿದ್ದೇನೆ. ಹವೆ ಬದಲಾದದ್ದಕ್ಕೆ ದಿನಗಟ್ಟಲೆ ಜ್ವರ ಬರುವುದಿಲ್ಲ. ಮಲೇರಿಯಾ ಇರುವ ಜಾಗವಾದರೆ ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಆಗಬೇಕು, ಸಿಗದಿದ್ದರೆ ಮರುದಿನ ಮತ್ತೊಮ್ಮೆ. ಡೆಂಗಿ ಅಲ್ಲವೆಂದು ಗೊತ್ತಾಗುವವರೆಗೆ ಪ್ಯಾರಸಿಟಮಾಲ್ ಮಾತ್ರ, ಐಬುಪ್ರೊಫೆನ್, ಆಸ್ಪಿರಿನ್ ಬೇಡ, ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ಅಮ್ಮ ಹೃದಯಕ್ಕೆಂದು ಈಗಾಗಲೇ ಆಸ್ಪಿರಿನ್ ನುಂಗುತ್ತಿದ್ದರೆ ಅಂಥ ದಿನ ಏನು ಮಾಡಬೇಕೆಂಬುದನ್ನೂ ಅದೇ ಡಾಕ್ಟರ ಬಳಿ ಮೊದಲೇ ಬರೆಸಿಕೊಳ್ಳಿ.

ವರ್ಷಕ್ಕೊಮ್ಮೆ ತಿಂಗಳ ರಜೆಗೆ ಚಳಿಗೆ ಮರಳಿದರೆ, ಆಗ ಗಳಿಸಿದ್ದೆಲ್ಲ ಹೆಚ್ಚುಕಡಿಮೆ ಕರಗಿರುತ್ತದೆ. ಎರಡನೆಯ ಸಲ ಮೈ ಬೇಗ ಕಲಿಯುತ್ತದೆ. ಹಾಗಾಗಿ ಅನುಭವ ಇರುವವರಿಗೆ ಅದೇ ಅಮೆರಿಕನ್ ಸಂಸ್ಥೆಯ ಲೆಕ್ಕ ಬೇರೆ: ಮೊದಲ ದಿನ ಅರ್ಧ, ಎರಡನೆಯ ದಿನ 60%, ಮೂರನೆಯ ದಿನ 80%, ನಾಲ್ಕನೆಯ ದಿನ ಪೂರ್ತಿ. ವಾಪಸಾಗುವ ಟಿಕೆಟನ್ನು ಗುರುವಾರಕ್ಕೋ ಶುಕ್ರವಾರಕ್ಕೋ ತೆಗೆದರೆ ಮೊದಲ ಒಂದೆರಡು ದಿನ ಮನೆಯ ಹತ್ತಿರದಲ್ಲೇ ಕಳೆಯುತ್ತವೆ.